ದೊಡ್ಡ ಮನುಷ್ಯರಿಗೆ ಕಚ್ಚಾ ಹೊಲಿಗೆ

ನಾಟಕ ಮಂದಿರದ ಹಿಂಭಾಗದಲ್ಲಿ, ಮೆಟ್ಟಿಲ ಕೆಳಗೆ, ತಲೆ ಬಗ್ಗಿಸಿಕೊಂಡೇ ಹೋಗಬೇಕಾದ ಒಂದು ಕೋಣೆಯಿತ್ತು. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ, ಗೋಡೆಯುದ್ದಕ್ಕೂ ಕಬ್ಬಿಣದ ಸರಳಿಗೆ ನೇತುಬಿದ್ದ ರಾಜರು, ಮಂತ್ರಿಗಳು, ಭಿಕ್ಷುಕರು. ಹತ್ತೊಂಬತ್ತು ವರ್ಷದಿಂದ ಅಲ್ಲಿ ಕೂತು ಹೊಲಿಯುತ್ತಿದ್ದ ಹೆಂಗಸನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ಬಾಯಿ ತೆರೆದರೆ ಚುಚ್ಚುತ್ತಾಳೆ, ಅದಕ್ಕೇ ಆ ಹೆಸರು ಎಂದು ನಟರ ವಾದ. ಸದಾ ಎರಡು ಸೂಜಿ ಕಚ್ಚಿಕೊಂಡಿರುವವಳು ಬಾಯಿ ತೆರೆಯುವುದಾದರೂ ಯಾವಾಗ ಎಂದು ಅವಳ ಮರುವಾದ. ಊರಿನ ಹೆಸರಾಂತ ನಟರೆಲ್ಲರ ಸೊಂಟದ ಅಳತೆ ಅವಳಿಗೆ ಬಾಯಿಪಾಠವಾಗಿತ್ತು. ವರ್ಷಕ್ಕೆ ಎರಡು ಅಂಗುಲ ದಪ್ಪಗಾಗುವ ಶೂರರನ್ನು ನೋಡಿ ನೋಡಿ ಶೌರ್ಯದ ಬಗ್ಗೆ ಅವಳಲ್ಲಿ ಹೇಳಿಕೊಳ್ಳುವಂಥ ಭಯಭಕ್ತಿ ಉಳಿದಿರಲಿಲ್ಲ.

ಅವರಲ್ಲೆಲ್ಲ ಅವಳಿಗೆ ಕಂಡರಾಗದವನೆಂದರೆ ಸೇನಾಪತಿ. ಆ ಮಂದಿರಕ್ಕೆ ಅನ್ನ ಹಾಕುತ್ತಿದ್ದ ನಾಟಕದ ನಾಯಕ ಅವನು. ಕತೆ ಇಷ್ಟು. ರಾಜ ಯುದ್ಧಕ್ಕೆ ಹೊರಡುವಾಗ, ತಾನು ಬರುವ ತನಕ ಕೋಟೆಯ ಬಾಗಿಲು ತೆರೆಯಬೇಡ ಎನ್ನುತ್ತಾನೆ. ಸೇನಾಪತಿ ಕತ್ತಿ ಹಣೆಗೊತ್ತಿಕೊಂಡು, ಉಸಿರಿರುವ ತನಕ ತೆರೆಯುವುದಿಲ್ಲ ಎಂದು ಮಾತು ಕೊಡುತ್ತಾನೆ. ಎರಡನೇ ಅಂಕದಲ್ಲಿ ಅವನ ಸ್ವಂತ ಮಗಳು ಹೊರಗಿನಿಂದ ಬಂದು ಬಾಗಿಲು ಬಡಿಯುತ್ತಾಳೆ. ಸೇನಾಪತಿ ಹಲ್ಲು ಕಚ್ಚುತ್ತಾನೆ, ಕಂಬ ತಬ್ಬಿಕೊಳ್ಳುತ್ತಾನೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಕೊನೆಯ ಅಂಕದಲ್ಲಿ ದೂತ ಬಂದು, ರಾಜ ಸತ್ತು ಇಪ್ಪತ್ತು ದಿನವಾಯಿತು ಎನ್ನುತ್ತಾನೆ. ಹೊರಗೆ ಮಗಳ ದನಿ ಅಡಗಿಹೋಗಿದೆ. ಸೇನಾಪತಿ ಎದೆಯ ಮೇಲಿನ ನಿಲುವಂಗಿಯನ್ನು ಎರಡೂ ಕೈಯಿಂದ ಪರ್ರನೆ ಹರಿದುಕೊಂಡು ಚೂರಿ ಹಾಕಿಕೊಳ್ಳುತ್ತಾನೆ. ಮುದಿ ಕಾವಲುಗಾರ ಹೆಣದ ಪಕ್ಕ ಮೊಣಕಾಲೂರಿ, "ಇಂಥ ಮಹಾಪುರುಷ ಇನ್ನು ಹುಟ್ಟಲಾರ" ಎನ್ನುತ್ತಾನೆ. ಪರದೆ ಬೀಳುತ್ತದೆ, ಜನ ಮೂಗು ಒರೆಸಿಕೊಳ್ಳುತ್ತಾರೆ.

ಹರಿದ ಆ ನಿಲುವಂಗಿ ಮಾರನೆಯ ಬೆಳಗ್ಗೆ ಸೂಜಿಯಕ್ಕನ ತೊಡೆಯ ಮೇಲೆ ಬಂದು ಬೀಳುತ್ತಿತ್ತು. ಬಣ್ಣದ ನೀರಿನ ಕಲೆ ತೊಳೆದು, ಒಣಗಿಸಿ, ಎದೆಯ ಸೀಳನ್ನು ಮತ್ತೆ ಕೂಡಿಸಬೇಕು. ಆದರೆ ಗಟ್ಟಿಯಾಗಿ ಕೂಡಿಸುವಂತಿಲ್ಲ. ಒಂದೆಳೆ ದಾರದಲ್ಲಿ ಅಲ್ಲೊಂದು ಇಲ್ಲೊಂದು ಕಚ್ಚಾ ಹೊಲಿಗೆ. ನಾಲ್ಕು ಮಾರು ದೂರದಿಂದ ನೋಡಿದರೆ ಉಕ್ಕಿನಂಥ ಎದೆ, ಎಳೆದರೆ ಹಪ್ಪಳ. ಆ ಪರ್ರೆಂಬ ಸದ್ದಿಗೇ ಜನ ಅಳುವುದು ಎಂದು ನಿರ್ದೇಶಕರು ಹೇಳುತ್ತಿದ್ದರು. ಸದ್ದು ತನ್ನದು, ಅಳು ಮಾತ್ರ ಸೇನಾಪತಿಯ ಖಾತೆಗೆ ಎಂದು ಸೂಜಿಯಕ್ಕ ದಾರ ಕಡಿಯುತ್ತಿದ್ದಳು.

ಮಗಳ ದನಿ ಕೂಡ ಅವಳದೇ. ನಾಟಕ ಬರೆದ ಮಹಾರಾಯ ಆ ಮಗಳಿಗೆ ಕೊಟ್ಟದ್ದು ಒಂದೇ ಮಾತು: "ಅಪ್ಪಾ, ಬಾಗಿಲು ತೆಗಿ." ಅದನ್ನು ಎರಡು ಸಲ ಕೂಗಬೇಕು. ವೇದಿಕೆಗೆ ಬರುವ ಹಾಗಿಲ್ಲ. ಹಾಗಾಗಿ ವೇಷವಿಲ್ಲ, ಬಣ್ಣವಿಲ್ಲ, ಜಾಹೀರಾತಿನಲ್ಲಿ ಹೆಸರೂ ಇಲ್ಲ. ಇಷ್ಟಕ್ಕೆ ಒಬ್ಬ ನಟಿಯನ್ನು ಯಾಕೆ ಕರೆಸುವುದು ಎಂದು ಮೊದಲ ವರ್ಷವೇ ಸೂಜಿಯಕ್ಕನನ್ನು ಪ್ಲೈವುಡ್ ಕೋಟೆಯ ಹಿಂದೆ ನಿಲ್ಲಿಸಿದ್ದರು. ಹತ್ತೊಂಬತ್ತು ವರ್ಷ, ಪ್ರತಿ ಆಟದಲ್ಲಿ ಎರಡು ಸಲ, ಅವಳು ಬಾಗಿಲು ತೆಗಿ ಎಂದು ಗಂಟಲು ಹರಿದುಕೊಂಡಳು. ತೆಗೆಯುವ ಮಾತೇ ಇರಲಿಲ್ಲ. ಬಡಗಿ ಆ ಬಾಗಿಲಿಗೆ ಮೊದಲ ದಿನವೇ ಮೊಳೆ ಹೊಡೆದಿದ್ದ.

"ಅಲ್ಲ ಸಾರ್, ಶತ್ರು ಬರೋಕೆ ಇನ್ನೂ ಎರಡು ದಿನ ಇದೆ ಅಂತ ಅವನೇ ಹೇಳ್ತಾನಲ್ಲ" ಎಂದು ಅವಳೊಮ್ಮೆ ನಿರ್ದೇಶಕರನ್ನು ಕೇಳಿದ್ದಳು. "ಎರಡು ದಿನದಲ್ಲಿ ಬಾಗಿಲು ತೆಗೆದು, ಮಗಳನ್ನ ಒಳಗೆ ಎಳ್ಕೊಂಡು, ಚಿಲಕ ಹಾಕಿ, ಒಂದು ಲೋಟ ಚಹಾನೂ ಕುಡೀಬಹುದು."

"ಮಾತು ಕೊಟ್ಟಿದಾನಮ್ಮ. ಅದೇ ಅವನ ದೊಡ್ಡಸ್ತಿಕೆ."

"ರಾಜ ಸತ್ತ ಸುದ್ದಿ ತಂದ ದೂತ ಒಳಗೆ ಹೇಗೆ ಬಂದ ಹಾಗಾದ್ರೆ?"

ನಿರ್ದೇಶಕರು ಅದು ಕಲೆ ಎಂದರು. ಎತ್ತರದಲ್ಲಿದ್ದವನು ತನ್ನದೇ ಒಂದು ದೋಷದಿಂದ ಕೆಳಗೆ ಬೀಳುತ್ತಾನೆ, ಆ ಬೀಳುವಿಕೆಯಲ್ಲೇ ಅವನ ಮಹತ್ತು ಇರುವುದು ಎಂದು ಬೆರಳೆತ್ತಿ ವಿವರಿಸಿದರು.

"ಬಿದ್ದೋರೆಲ್ಲ ದೊಡ್ಡೋರಾದ್ರೆ, ನಮ್ಮ ಬಣ್ಣ ಬಳಿಯೋನು ಏಣಿಯಿಂದ ಮೂರು ಸಲ ಬಿದ್ದಿದಾನೆ ಸಾರ್. ಅವನ ಹೆಸರನ್ನೂ ಜಾಹೀರಾತಲ್ಲಿ ಹಾಕ್ಸಿ" ಎಂದು ಅವಳು ಸೂಜಿಗೆ ದಾರ ಪೋಣಿಸಿದಳು.

ಇಷ್ಟು ಉರಿ ಬರೀ ನಾಟಕದವನ ಮೇಲೆ ಯಾರಿಗೂ ಇರುವುದಿಲ್ಲ. ಸೂಜಿಯಕ್ಕನ ಮನೆಯಲ್ಲಿಯೂ ಒಬ್ಬ ಸೇನಾಪತಿ ಇದ್ದರು. ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ಅವಳ ಗಂಡನಿಗೆ ಇಡೀ ಬಡಾವಣೆ ಚೆಕ್ಕಿಂಗ್ ಸಾಹೇಬರು ಎನ್ನುತ್ತಿತ್ತು. ಒಮ್ಮೆ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ ಸ್ವಂತ ಅಣ್ಣನಿಗೇ ಅವರು ದಂಡ ಹಾಕಿದ್ದರು. ಇಲಾಖೆ ಅದಕ್ಕೊಂದು ಪ್ರಶಸ್ತಿಪತ್ರ ಕೊಟ್ಟಿತ್ತು. ಊಟದ ಮೇಜಿನ ಎದುರಿನ ಗೋಡೆಯಲ್ಲಿ ಅದು ಗಾಜಿನ ಕಟ್ಟಿನೊಳಗಿಂದ ಎಲ್ಲರ ತಟ್ಟೆಯನ್ನೂ ತಪಾಸಣೆ ಮಾಡುತ್ತಿತ್ತು. ಸಾಹೇಬರು ಕೆಟ್ಟವರಲ್ಲ. ಕುಡಿಯುವವರಲ್ಲ, ಹೊಡೆಯುವವರಲ್ಲ. ಆಡಿದ ಮಾತಿಗೆ ತಪ್ಪುವುದಿಲ್ಲ, ಅಷ್ಟೇ. ಅವರು ಮಾತಿಗೆ ತಪ್ಪದೆ ಇರಲು ಮನೆಯವರು ಏನೇನು ಮಾಡಬೇಕಾಗುತ್ತಿತ್ತು ಎಂಬುದು ಪ್ರಶಸ್ತಿಪತ್ರದಲ್ಲಿ ಬರೆದಿರಲಿಲ್ಲ.

ಇದ್ದ ಒಬ್ಬಳೇ ಮಗಳು ಹನ್ನೊಂದು ವರ್ಷದ ಹಿಂದೆ ಹಡಗಿನ ಇಂಜಿನ್ ರಿಪೇರಿ ಮಾಡುವ ಹುಡುಗನನ್ನು ಮದುವೆಯಾದಳು. ಹುಡುಗ ಒಳ್ಳೆಯವನೇ. ಆದರೆ ಕಾಲೇಜಿನ ದಿನಗಳಲ್ಲಿ ಪಾಸು ಮನೆಯಲ್ಲಿ ಮರೆತು ಬಂದು, ಸಾಹೇಬರ ಕೈಗೇ ಸಿಕ್ಕಿಬಿದ್ದಿದ್ದ. ಟಿಕೆಟ್ ಇಲ್ಲದವನು ನನ್ನ ಅಳಿಯನಾಗುವುದು ಸಾಧ್ಯವಿಲ್ಲ ಎಂದು ಅವರು ಹಟ ಹಿಡಿದರು. ಮಗಳು ಕೇಳಲಿಲ್ಲ. ಆಗ ಬೀದಿಯವರೆಲ್ಲ ಕೇಳುವಂತೆ, "ನಾನು ಬದುಕಿರೋ ತನಕ ಅವಳು ಈ ಹೊಸ್ತಿಲು ತುಳಿಯೋ ಹಾಗಿಲ್ಲ" ಎಂದುಬಿಟ್ಟರು. ಆಡಿದ ಮಾತು ಆಡಿದ್ದೇ. ನೆಂಟರಿಷ್ಟರು ಮುಂದೆ ಅಯ್ಯೋ ಪಾಪ ಎಂದು, ಹಿಂದೆ ಗಂಡಸು ಅಂದ್ರೆ ಹಾಗಿರಬೇಕು ಎಂದು ಹೊಗಳಿದರು.

ಆದರೆ ಸಾಹೇಬರಿಗೂ ಕರುಳಿತ್ತಲ್ಲ. ಮಗಳ ಸುದ್ದಿ ಬೇಕು, ಕೇಳುವಂತಿಲ್ಲ. ಅದಕ್ಕೆ ಮನೆಯಲ್ಲೊಂದು ಏರ್ಪಾಡಾಯಿತು. ಸೂಜಿಯಕ್ಕ ಕದ್ದುಮುಚ್ಚಿ ಮಗಳನ್ನು ನೋಡಿ ಬಂದ ದಿನ, ಮನೆಯ ಹೊಲಿಗೆ ಯಂತ್ರದ ಮುಂದೆ ಕೂತು ಅದಕ್ಕೇ ಗಟ್ಟಿಯಾಗಿ ವರದಿ ಒಪ್ಪಿಸುತ್ತಿದ್ದಳು. "ಕೇಳಿಸ್ತಾ? ಅವಳಿಗೆ ಶಾಲೆಯಲ್ಲಿ ಕೆಲಸ ಸಿಕ್ತು." "ಕೇಳಿಸ್ತಾ? ಈ ಸಲಾನೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ." ಎದುರಿಗೆ ಸಾಹೇಬರು ಪತ್ರಿಕೆ ಹಿಡಿದು ಕೂತಿರುತ್ತಿದ್ದರು. ಅಷ್ಟು ಹೊತ್ತೂ ಪುಟ ಮಗುಚುತ್ತಿರಲಿಲ್ಲ. ಯಂತ್ರಕ್ಕೆ ಹೇಳಬೇಕಾದ್ದು ಮುಗಿದ ಮೇಲೆ ಒಮ್ಮೆ ಕೆಮ್ಮಿ ಪುಟ ತಿರುಗಿಸುತ್ತಿದ್ದರು. ಒಂದು ಚಳಿಗಾಲ ಮಗಳು ಅಪ್ಪನಿಗೆಂದು ಸ್ವೆಟರ್ ಹೆಣೆದು ಕೊಟ್ಟಳು. ಅಂಗಡಿಯದು ಎಂದು ಸೂಜಿಯಕ್ಕ ಹೇಳಿದಳು, ಅಂಗಡಿಯದು ಎಂದು ಅವರು ನಂಬಿದರು. ನಂಬಿ, ಅದನ್ನು ತೊಳೆಯಲು ಕೂಡ ಬಿಚ್ಚಿಕೊಡದೆ ಎರಡು ತಿಂಗಳು ಹಾಕಿಕೊಂಡರು. ಮಾತು ಒಂದಿಷ್ಟೂ ಹರಿಯಲಿಲ್ಲ.

ಹೀಗೆ ನಡೆದುಹೋಗುತ್ತಿತ್ತೇನೋ. ಆದರೆ ಒಂದು ಶನಿವಾರ ಮಧ್ಯಾಹ್ನ ಮಂದಿರದ ಫೋನಿಗೆ ಮಗಳ ಕರೆ ಬಂತು. ಅವಳು ಅತ್ತರೆ ತಾಯಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅವಳು ತೀರ ಮೆಲ್ಲಗೆ ಮಾತಾಡಿದಳು.

"ಅಮ್ಮಾ, ಐದು ತಿಂಗಳು ತುಂಬಿತು. ಹಾಸಿಗೆ ಬಿಟ್ಟು ಏಳಲೇಬಾರದು ಅಂತಾರೆ ಡಾಕ್ಟರು. ಈ ಸಲ ಹೋದ್ರೆ ಇನ್ನು ಆಸೆ ಇಟ್ಕೋಬೇಡಿ ಅಂದ್ರು. ಇವರು ಹಡಗಲ್ಲಿದಾರೆ, ಬರೋದು ನಾಲ್ಕು ತಿಂಗಳಾಗುತ್ತೆ. ನಾನಿರೋದು ನಾಲ್ಕನೇ ಮಹಡಿ, ನೀರೂ ಕೆಳಗಿಂದ ಹೊರಬೇಕು. ಅಪ್ಪನ್ನ ಒಂದ್ಸಲ ಕೇಳಿ ನೋಡ್ತೀಯಾ?"

ಕೇಳಿದಳು. ಯಂತ್ರವನ್ನಲ್ಲ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಗಂಡನ ಮುಖ ನೋಡಿ ಕೇಳಿದಳು. ಸಾಹೇಬರು ಪತ್ರಿಕೆ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಕಣ್ಣು ಕೆಂಪಗಾಯಿತು. "ಮಾತು ಅಂದ್ಮೇಲೆ ಮಾತು ಕಣೇ. ನನ್ನ ಎದೆ ಒಡೀತಾ ಇದೆ. ಆದ್ರೂ ಏನ್ಮಾಡ್ಲಿ ಹೇಳು" ಎಂದರು. ಎದೆ ಒಡೆಯುತ್ತಿದೆ ಎಂದು ಹೇಳುವಾಗ ಅವರ ಕೈ ಎದೆಯ ಮೇಲೆಯೇ ಇತ್ತು. ಸೂಜಿಯಕ್ಕನಿಗೆ ಅಳು ಬರಲಿಲ್ಲ, ಒದೆಯುವಷ್ಟು ಸಿಟ್ಟು ಬಂತು.

ಮಾರನೆಯ ದಿನ ಭಾನುವಾರ, ಮಧ್ಯಾಹ್ನದ ಆಟ. ಬೆಳಗ್ಗೆ ನಿಲುವಂಗಿ ತೊಡೆಯ ಮೇಲಿಟ್ಟುಕೊಂಡು ಕೂತವಳ ಕೈ ಒಂದು ಕಡೆ, ತಲೆ ಇನ್ನೊಂದು ಕಡೆ. ನಾಲ್ಕನೇ ಮಹಡಿ, ನೀರಿನ ಬಿಂದಿಗೆ, ಡಾಕ್ಟರ ಮಾತು. ಸೂಜಿ ಹೋಗಿದ್ದೇ ಹೋಗಿದ್ದು. ಎರಡೆಳೆ ದಾರ, ಒತ್ತೊತ್ತಾಗಿ, ಹೋದ ದಾರಿಯಲ್ಲೇ ಹಿಂದಕ್ಕೆ ಬಂದು ಮತ್ತೆ ಮುಂದಕ್ಕೆ, ಕೊನೆಗೆ ಗಂಟಿನ ಮೇಲೆ ಗಂಟು. ನಿಜವಾದ ಯುದ್ಧಕ್ಕೆ ಹಾಕಿಕೊಂಡು ಹೋಗಬಹುದಾದಂಥ ಹೊಲಿಗೆ. ಕಸುಬಿಗೆ ಕೂತಾಗಿನಿಂದ ಅವಳು ಹಾಗೆ ಮರೆತದ್ದು ಅದೇ ಮೊದಲು.

ಮೂರನೇ ಸಾಲಿನಲ್ಲಿ ಚೆಕ್ಕಿಂಗ್ ಸಾಹೇಬರು ಕೂತಿದ್ದರು. ವರ್ಷಕ್ಕೊಮ್ಮೆ ಹೆಂಡತಿಯ ಪಾಸಿನಲ್ಲಿ ಬಂದು ಈ ನಾಟಕ ನೋಡಿ ಕರ್ಚೀಫು ಒದ್ದೆ ಮಾಡಿಕೊಳ್ಳುವುದು ಅವರ ಪದ್ಧತಿ. ಈ ಸಲ ಎದೆಯಲ್ಲಿ ಭಾರ ಇದ್ದದ್ದರಿಂದ ಎರಡು ಕರ್ಚೀಫು ತಂದಿದ್ದರು. ಎರಡನೇ ಅಂಕದಲ್ಲಿ ಬಾಗಿಲ ಹೊರಗಿನ ದನಿ ಕೇಳಿದಾಗಲೇ ಮೊದಲನೆಯದು ಮುಗಿಯಿತು.

ಕೊನೆಯ ಅಂಕ ಬಂತು. ದೂತ ಬಂದ, ಹೇಳಿದ, ಹೋದ. ಸೇನಾಪತಿ ಎರಡೂ ಕೈಯಿಂದ ಎದೆಯ ಬಟ್ಟೆ ಹಿಡಿದು ಎಳೆದ. ಸದ್ದಿಲ್ಲ. ಮತ್ತೆ ಎಳೆದ. ಬಟ್ಟೆಯ ಜೊತೆ ಅವನೇ ಒಂದು ಹೆಜ್ಜೆ ಮುಂದಕ್ಕೆ ಬಂದ. ಬಣ್ಣದ ನೀರಿನ ಚೀಲ ಒಳಗಿದೆ, ಚೂರಿ ರಟ್ಟಿನದು, ಅಂಗಿ ಹರಿಯದೆ ಸಾಯುವುದು ಹೇಗೆ? ಮೂರನೇ ಸಲ ಹಲ್ಲು ಹಾಕಿದ. ಬಾಲ್ಕನಿಯಲ್ಲಿ ಯಾರೋ ಕಿಸಕ್ಕೆಂದರು. ಹೆಣಕ್ಕಾಗಿ ಕಾಯುತ್ತಿದ್ದ ಮುದಿ ಕಾವಲುಗಾರ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿಕೊಂಡ. "ಸೂಜಿಯಕ್ಕಾ, ಕತ್ತರಿ, ಕತ್ತರಿ!" ಎಂದು ಸೇನಾಪತಿ ಪಕ್ಕಕ್ಕೆ ನೋಡಿ ಪಿಸುಗುಟ್ಟಿದ. ಆ ಪಿಸುಮಾತು ಐದನೇ ಸಾಲಿನ ತನಕ ಹೋಯಿತು.

ಕತ್ತರಿ ಅವಳ ಕೊರಳಲ್ಲೇ ನೇತಾಡುತ್ತಿತ್ತು. ತಪ್ಪು ತನ್ನದೆಂದು ಅವಳಿಗೆ ಆ ಕ್ಷಣವೇ ಗೊತ್ತಾಗಿತ್ತು. ಆದರೂ ನೋಡುತ್ತ ನಿಂತಳು. ಸಾಯಲು ಬಾರದ ಸೇನಾಪತಿ ಅವಳಿಗೆ ಮೊದಲ ಸಲ ಸರಿಯಾಗಿ ಕಂಡ. ಸಾವೊಂದನ್ನು ತೆಗೆದುಬಿಟ್ಟರೆ ಅಲ್ಲಿ ಉಳಿದಿದ್ದವನು ಬಿಗಿ ಅಂಗಿ ಹಾಕಿಕೊಂಡು ಬಾಗಿಲು ತೆಗೆಯಲು ಒಲ್ಲದ ಒಬ್ಬ ಹಟಮಾರಿ. ಇವನು ದೊಡ್ಡವನಾಗಿ ಕಾಣಲೆಂದು ತಾನು ಹತ್ತೊಂಬತ್ತು ವರ್ಷ ಎಳೆ ಸಡಿಲ ಬಿಟ್ಟೆನಲ್ಲ ಎನಿಸಿತು. ಮನೆಯಲ್ಲಿ ಯಂತ್ರದ ಮುಂದೆ ಕೂತು ಮಾಡಿದ್ದೂ ಅದೇ ಕೆಲಸ. ಅವಳು ಕತ್ತರಿ ಕೊಡಲಿಲ್ಲ. ಕೋಟೆಯ ಹಿಂದಕ್ಕೆ ಹೋಗಿ, ಇರುವ ಉಸಿರನ್ನೆಲ್ಲ ಸೇರಿಸಿ ಕೂಗಿದಳು.

"ಅಪ್ಪಾ, ಬಾಗಿಲು ತೆಗಿ!"

ಇಡೀ ಮಂದಿರ ಕತ್ತು ಚಾಚಿತು. ಸತ್ತಳೆಂದುಕೊಂಡಿದ್ದ ಮಗಳು ಬದುಕಿದ್ದಾಳೆ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ, "ಬದುಕವಳೆ ಕಣಪ್ಪೋ, ಈಗಲಾದ್ರೂ ತೆಗಿಯಪ್ಪ!" ಎಂದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆ ದಾರಿ ಕಾಣದ ಸೇನಾಪತಿ ಓಡಿಹೋಗಿ ಬಾಗಿಲು ಎಳೆದ. ಮೊಳೆ ಹೊಡೆದ ಬಾಗಿಲು ಬರಲಿಲ್ಲ, ಕೋಟೆ ಬಂತು. ಒಂದು ಬುರುಜು ಓಲಾಡಿ, ಹಿಂದಿನಿಂದ ಬಣ್ಣ ಬಳಿಯುವವನ ಎರಡು ಕೈ ಅದನ್ನು ಹಿಡಿದು ನಿಲ್ಲಿಸಿದ್ದು ಎಲ್ಲರಿಗೂ ಕಂಡಿತು. ಪರದೆ ಬಿತ್ತು. ಆ ನಾಟಕಕ್ಕೆ ಅಷ್ಟು ದೊಡ್ಡ ಚಪ್ಪಾಳೆ ಅದಕ್ಕೆ ಮುಂಚೆ ಯಾವತ್ತೂ ಬಿದ್ದಿರಲಿಲ್ಲ.

ನಿರ್ದೇಶಕರು ಪರದೆಯ ಹಿಂದಕ್ಕೆ ಓಡಿಬಂದರು. "ಒಬ್ಬ ಮಹಾಪುರುಷನನ್ನ ಕೋಡಂಗಿ ಮಾಡಿಬಿಟ್ಯಲ್ಲಮ್ಮ! ನಾಳೆಯಿಂದ ಬರಬೇಡ, ನಾನು ಹೇಳಿಕಳಿಸೋ ತನಕ ಮುಖ ತೋರಿಸ್ಬೇಡ."

"ಆಗ್ಲಿ ಸಾರ್. ನನಗೂ ಮನೇಲಿ ನಾಲ್ಕು ತಿಂಗಳು ಕೆಲಸ ಇದೆ" ಎಂದು ಅವಳು ಕತ್ತರಿ ಕಳಚಿ ಚೀಲಕ್ಕೆ ಹಾಕಿಕೊಂಡಳು.

ಮನೆಯಲ್ಲಿ ಸಾಹೇಬರು ಚಪ್ಪಲಿ ಕೂಡ ಬಿಡದೆ ನಿಂತಿದ್ದರು. ಎರಡನೇ ಕರ್ಚೀಫು ಒಣಗಿಯೇ ಇತ್ತು. "ಆ ದನಿ ನಿಂದಾ?" ಎಂದರು.

"ಹತ್ತೊಂಬತ್ತು ವರ್ಷದಿಂದ ನಂದೇ."

"ಅಷ್ಟು ವರ್ಷ ಅತ್ತಿದೀನಲ್ಲೇ ನಾನು ಆ ದನಿಗೆ!"

"ಅತ್ರಿ. ಬಾಗಿಲು ತೆಗೀಲಿ ಅಂತ ಅನ್ನಿಸಲೇ ಇಲ್ವಾ ಒಂದ್ಸಲಾನೂ?"

"ಹಾಗನ್ನಬೇಡ. ಅವನು ದೊಡ್ಡ ಮನುಷ್ಯ ಕಣೇ. ಮಗಳು ಹೊರಗೆ ಅಳ್ತಾ ಇದ್ರೂ ಮಾತು ಬಿಡ್ಲಿಲ್ಲ. ಎಂಥ ಸಂಕಟ ಪಟ್ಟ ನೋಡು."

"ಸಂಕಟ ಪಟ್ಟ, ಸರಿ. ಆ ಹುಡುಗಿ ಏನಾದ್ಲು ಹೇಳಿ ನೋಡೋಣ."

ಸಾಹೇಬರು ಬಾಯಿ ತೆರೆದರು. ಪ್ರತಿ ವರ್ಷ ನೋಡಿದ ನಾಟಕ, ಮಾತು ಮಾತು ಬಾಯಿಗೆ ಬರುತ್ತಿತ್ತು. ಆದರೆ ಆ ಹುಡುಗಿ ಏನಾದಳೆಂದು ಅದರಲ್ಲಿ ಯಾರೂ ಹೇಳಿರಲಿಲ್ಲ. ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು.

ಸೋಮವಾರ ಬೆಳಗ್ಗೆ ಸೂಜಿಯಕ್ಕ ಬಾಡಿಗೆ ಕಾರು ಮಾಡಿಕೊಂಡು ಹೋಗಿ ಮಗಳನ್ನು ಕರೆತಂದಳು. ನಾಲ್ಕು ಮಹಡಿ ಇಳಿಸುವಾಗ ನೆರೆಯವರು ಕುರ್ಚಿಯ ಮೇಲೆ ಕೂರಿಸಿ ಎತ್ತಿದರು. ಮನೆಯ ಬಾಗಿಲಲ್ಲಿ ಸಾಹೇಬರು ಚೌಕಟ್ಟಿನ ಎರಡೂ ಕಡೆ ಕೈಯೂರಿ ನಿಂತಿದ್ದರು. ಮಗಳು ಮೆಟ್ಟಿಲ ಕಂಬಿ ಹಿಡಿದುಕೊಂಡು, ತುಟಿ ಬಿಳಚಿ, ತಲೆ ತಗ್ಗಿಸಿ ನಿಂತಳು. ಎದುರು ಮನೆಯ ಕಿಟಕಿಗಳು ಒಂದೊಂದಾಗಿ ತೆರೆದವು.

"ನಾನು ಬದುಕಿರೋ ತನಕ..." ಎಂದು ಸಾಹೇಬರು ಶುರು ಮಾಡಿದರು.

"ಬದುಕಿದೀರಲ್ಲ, ಸಂತೋಷ. ಸ್ವಲ್ಪ ಪಕ್ಕಕ್ಕೆ ಸರೀರಿ, ಅವಳು ನಿಂತ್ಕೋಬಾರದು" ಎಂದು ಸೂಜಿಯಕ್ಕ ಅವರ ಬಲಗೈಯನ್ನು ಚೌಕಟ್ಟಿನಿಂದ ಬಿಡಿಸಿ ಕೆಳಗಿಟ್ಟಳು. ಅಷ್ಟೇನೂ ಬಲ ಬೇಕಾಗಲಿಲ್ಲ. ಮಗಳು ಒಳಗೆ ಹೋದಳು.

ಸಾಹೇಬರು ಹೊರಗೇ ಉಳಿದರು. "ಹಾಗಾದ್ರೆ ಈ ಮನೇಲಿ ನಾನಿಲ್ಲ" ಎಂದು ಕಿಟಕಿಗಳಿಗೆಲ್ಲ ಕೇಳುವಂತೆ ಹೇಳಿ ಮೆಟ್ಟಿಲಿಳಿದು, ಬೀದಿ ತುದಿಯ ಬಸ್ ನಿಲ್ದಾಣದಲ್ಲಿ ಹೋಗಿ ಕೂತರು. ಯಾರಾದರೂ ಕರೆಯಲು ಬರುತ್ತಾರೆಂದು ಆಗಾಗ ಮನೆಯ ಕಡೆ ನೋಡುತ್ತಿದ್ದರು. ಹದಿನಾಲ್ಕು ಬಸ್ಸು ಬಂದು ಹೋದವು. ಒಂದು ಗಂಟೆಗೆ ಹಸಿವಾಯಿತು. ಒಂದೂಕಾಲಿಗೆ ಅವರು ಮನೆಯ ಬಾಗಿಲು ತಳ್ಳಿದರು, ಚಿಲಕ ಹಾಕಿರಲಿಲ್ಲ. ತಟ್ಟೆ ಹಾಕಿಟ್ಟಿತ್ತು. ಒಳಕೋಣೆಗೆ ಇಣುಕಿ, ಗೋಡೆ ನೋಡಿಕೊಂಡು, "ಫ್ಯಾನು ಅಷ್ಟು ಜೋರು ಬೇಡ, ಶೀತ ಆಗುತ್ತೆ" ಎಂದರು. ಮಗಳು ಹೊದಿಕೆ ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ಅವರಿಗೂ ತಡೆಯಲಾಗಲಿಲ್ಲ. ನಿಜ ಹೇಳಬೇಕೆಂದರೆ ಅಪ್ಪ ಮಗಳ ಅಳು ನೋಡಿ ಸೂಜಿಯಕ್ಕನಿಗೆ ಹನ್ನೊಂದು ವರ್ಷದ ಭಾರ ಇಳಿದಂತಾಯಿತು.

ಸುದ್ದಿ ಊರು ತುಂಬ ಹಬ್ಬಿತು. ಗುರುವಾರ ಸಾಹೇಬರ ಅಣ್ಣ, ಹಿಂದೊಮ್ಮೆ ದಂಡ ಕಟ್ಟಿದವರು, ಹಣ್ಣು ಹಿಡಿದುಕೊಂಡು ಬಂದರು. ಮಗಳ ತಲೆ ಸವರಿ, ತಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಮಾತು ಉಳಿಸ್ಕೊಳ್ಳೋದು ದೊಡ್ಡದಲ್ಲ ಕಣೋ, ಎಲ್ರೂ ಮಾಡ್ತಾರೆ. ಮಗಳಿಗೋಸ್ಕರ ಹನ್ನೊಂದು ವರ್ಷದ ಮಾತನ್ನೇ ನುಂಗ್ಕೊಂಡ್ಯಲ್ಲ, ಅದಕ್ಕೆ ಎದೆ ಬೇಕು. ನೀನು ದೊಡ್ಡ ಮನುಷ್ಯ" ಎಂದರು. ಸಾಹೇಬರು ಅಲ್ಲ ಎನ್ನಲಿಲ್ಲ. ನಿಟ್ಟುಸಿರು ಬಿಟ್ಟು, "ಏನ್ಮಾಡೋದಣ್ಣ, ತಂದೆ ಕರುಳು" ಎಂದರು. ಚಹಾ ತಂದ ಸೂಜಿಯಕ್ಕನಿಗೆ, "ಪುಣ್ಯ ಮಾಡಿದ್ದೆ ಕಣಮ್ಮ, ಇಂಥ ಗಂಡ ಸಿಗೋಕೆ" ಎಂದು ಭಾವ ಹೇಳಿದರು. ಅವಳು ಲೋಟ ಕೊಟ್ಟು ಒಳಗೆ ಬಂದಳು. ಊರವರು ಏನು ಬೇಕಾದರೂ ಅಂದುಕೊಳ್ಳಲಿ, ಭಾವನವರಿಗೆ ಬುದ್ಧಿ ಅಷ್ಟೇ ಎಂದು ಮನಸ್ಸಿನಲ್ಲೇ ನಕ್ಕಳು ಕೂಡ.

ಮಗಳು ದಿಂಬಿಗೊರಗಿ ಮಲಗಿದ್ದಳು. ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ತಾಯಿಯ ಸೆರಗು ಹಿಡಿದು ಹತ್ತಿರ ಎಳೆದುಕೊಂಡಳು.

"ದೊಡ್ಡಪ್ಪ ಹೇಳಿದ್ದು ಕೇಳಿಸ್ತಮ್ಮ. ನಿಜ ಅಲ್ವಾ? ನಾನು ಅಪ್ಪನ್ನ ತಪ್ಪು ತಿಳ್ಕೊಂಡಿದ್ದೆ. ಅಷ್ಟು ದೊಡ್ಡ ಮನಸ್ಸು ಯಾರಿಗಿರುತ್ತೆ ಹೇಳು? ಮಗು ಉಳಿದ್ರೆ, ನೋಡು, ಅಪ್ಪನ ಹೆಸರೇ ಇಡ್ತೀನಿ."

ಸೂಜಿಯಕ್ಕನಿಗೆ ಈ ಸಲ ನಗು ಬರಲಿಲ್ಲ. ನಾನು ಕಣೇ, ನಾನು ಎಂದು ಹೇಳುವ ಮಾತು ನಾಲಿಗೆಯ ತುದಿಗೆ ಬಂತು. ಕಾರು ತಂದವಳು ನಾನು, ಆ ಕೈ ಬಿಡಿಸಿದವಳು ನಾನು, ಹನ್ನೊಂದು ವರ್ಷ ಕದ್ದುಮುಚ್ಚಿ ಮೆಟ್ಟಿಲು ಹತ್ತಿದವಳು ನಾನು. ಆದರೆ ಮಗಳ ಮನಸ್ಸಿಗೆ ಒಂದಿಷ್ಟೂ ನೋವಾಗಬಾರದು, ರಕ್ತದೊತ್ತಡ ಏರಬಾರದು ಎಂದು ಡಾಕ್ಟರು ಚೀಟಿಯ ಮೇಲೆ ಗೆರೆ ಎಳೆದು ಬರೆದಿದ್ದರು.

"ಇಡುವಂತೆ" ಎಂದಳು. "ಈಗ ಎಡಮಗ್ಗುಲಿಗೆ ತಿರುಗಿ ಮಲಗು."